ಪೊರ್ವೂ ಸೇತುವೆ ಮತ್ತು ಬೈಲಹೊಂಗಲದ ಡಿಜೆ

ಹೆಲ್ಸಿಂಕಿ: ಬಸ್ ಸ್ಟಾಪು

ಫಿನ್ಲೆಂಡಿನ ಜನ ಬಸ್ಸಿಗೆ ಕಾಯುವುದನ್ನು ಮೊದಲ ಸಲ ಕಂಡಾಗ, ಇವರೆಲ್ಲ ಒಂದೇ ಮನೆಯವರು, ಈಗತಾನೇ ಆಸ್ತಿ ಪಾಲು ಮಾಡಿಕೊಂಡು ಮುನಿಸಿನಿಂದ ಬಂದು ನಿಂತಿದ್ದಾರೆ ಅಂದುಕೊಂಡೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಚಕ್ಕಡಿ ಹಾಯುವಷ್ಟು ಜಾಗ. ಮಾತಿಲ್ಲ, ಕತೆಯಿಲ್ಲ. ನಾನು ನಮ್ಮ ರೂಢಿಯಂತೆ ಒಬ್ಬ ಹೆಂಗಸಿನ ಮಗ್ಗುಲಿಗೆ ಹೋಗಿ ನಿಂತು ನಕ್ಕೆ. ಆಕೆ ಎರಡು ಹೆಜ್ಜೆ ಆಚೆ ಸರಿದಳು. ಏನೋ ಜಾಗ ಮಾಡಿಕೊಟ್ಟಳು ಅಂದುಕೊಂಡು ನಾನೂ ಎರಡು ಹೆಜ್ಜೆ ಸರಿದೆ. ಇನ್ನೊಂದು ಸಲ ಹಾಗೆ ಮಾಡಿದ್ದರೆ ಪಾಪ, ಆಕೆ ರಸ್ತೆಗೇ ಇಳಿಯಬೇಕಾಗುತ್ತಿತ್ತು.

ಬಸ್ಸು ಬಂತು. ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಬೆಳೆದವಳಿಗೆ ಬಸ್ಸು ಬಂದರೆ ಮೈಯೇ ತಾನಾಗಿ ಓಡುತ್ತದೆ. ಓಡಿದೆ. ಬಾಗಿಲು ಹಿಡಿದು, ಮೊಣಕೈ ಅಗಲ ಮಾಡಿ ನಿಂತು ಹಿಂದೆ ತಿರುಗಿ ನೋಡಿದರೆ ಯಾರೂ ಬಂದೇ ಇಲ್ಲ! ಎಲ್ಲರೂ ನಿಂತಲ್ಲೇ ನಿಂತು, ನಾನು ಹತ್ತಿ ಮುಗಿಸಲಿ ಎಂದು ತಾಳ್ಮೆಯಿಂದ ಕಾಯುತ್ತಿದ್ದಾರೆ. ಕಿಟಕಿಯೊಳಗೆ ಎಸೆಯಲು ಕೈಯಲ್ಲಿ ಹಿಡಿದಿದ್ದ ಕರವಸ್ತ್ರವನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡೆ. ಬಸ್ಸು ಅರ್ಧ ಖಾಲಿಯಿತ್ತು.

ಇಂಥ ಮೌನದ ದೇಶಕ್ಕೆ ನಾನು ಬಂದದ್ದು ಸಪ್ಪಳ ಮಾಡುವುದಕ್ಕೆ.

ಬೈಲಹೊಂಗಲ: ನನ್ನ ಉದ್ಯೋಗ

ನಾನು ಸುಜಾತಾ, ಡಿಜೆ. ಇದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ರಾಮದುರ್ಗದ ಒಂದು ಮದುವೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಸ್ಪೀಕರುಗಳ ನಡುವೆ ಕುಳಿತು ವೈರು ಜೋಡಿಸುತ್ತಿದ್ದೆ. ವರನ ಕಾಕಾ ಬಂದರು.

"ಏ ತಂಗಿ, ಡಿಜೆ ಎಲ್ಲಿ ಹ್ವಾದ?"

"ನಾನ ರೀ ಡಿಜೆ."

"ಚಾಷ್ಟಿ ಸಾಕವಾ. ಲಗೂನ ಕರಿ ಅವನ್ನ, ವರಾತ ಹೊಂಟೈತಿ."

ಹೀಗೆ ನಡೆದಿದೆ ನನ್ನ ಬದುಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕು ತಾಲೂಕುಗಳಲ್ಲಿ ನಾನು ಸ್ಪೀಕರ್ ಹೊರದ ಓಣಿಯಿಲ್ಲ. ನಮ್ಮ ಬೇಸಿಗೆ ಅಂದರೆ ಟ್ರೇಲರಿನ ಕಬ್ಬಿಣ ಮುಟ್ಟಿದರೆ ಚುರ್ ಅನ್ನುತ್ತದೆ. ಅದರ ಮೇಲೆ ನಿಂತು, ಧೂಳು ಕುಡಿದು, ಜನರೇಟರಿನ ಹೊಗೆ ತಿಂದು, ಒಂದೇ ಹಾಡನ್ನು ಹತ್ತು ಸಲ ಹಾಕಬೇಕು. ನಡುವೆ ಕಾಲ ಬುಡದಿಂದ ಯಾರಾದರೂ "ಅಕ್ಕಾ, ನಮ್ಮ ದೋಸ್ತನ ಹೆಸರ ತಗೋರಿ ಮೈಕಿನ್ಯಾಗ" ಎಂದು ಕೂಗುತ್ತಿರುತ್ತಾರೆ. ಹಬ್ಬದ ಸೀಜನ್ ಬಂತು ಎಂದು ಹಿಗ್ಗುವಷ್ಟರಲ್ಲಿ "ಈ ಸಲ ಡಿಜೆ ಬಂದ್" ಎಂಬ ಹುಕುಂ ಬರುತ್ತದೆ. ಆಮೇಲೆ ಕೈಕಟ್ಟಿ ಕೂರುವುದು.

ಕೂತಾಗ ನಾನು ಮಾಡುತ್ತಿದ್ದದ್ದು ನನ್ನ ಸ್ವಂತ ಸಂಗೀತ. ಅಪ್ಪನದು ಮೋಟಾರು ರಿವೈಂಡಿಂಗ್ ಅಂಗಡಿ. ಅಲ್ಲಿ ದುರಸ್ತಿಯಾದ ಪಂಪಿನ ಮೋಟಾರು ಮೊದಲ ಸಲ ತಿರುಗುವಾಗ ಒಂದು ಗುಂಯ್‌ಗುಡುವಿಕೆ ಬರುತ್ತದೆ. ಅದನ್ನು ಹಿಡಿದೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಮಾಲೀಕರನ್ನು ಕಾಡಿ ಬೇಡಿ ಒಳಗೆ ಹೋಗಿ ಯಂತ್ರದ ದಡಬಡವನ್ನು ಹಿಡಿದೆ. ನವಿಲುತೀರ್ಥ ಅಣೆಕಟ್ಟಿನಲ್ಲಿ ಗೇಟು ತೆರೆದಾಗ ನೀರು ಬೀಳುವ ಆರ್ಭಟವನ್ನೂ ಹಿಡಿದೆ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ, ಕತ್ತರಿಸಿ, ಹೊಲಿದು, ಕುಣಿಯುವ ಹಾಗೆ ಮಾಡಿದೆ. ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಧೈರ್ಯ ಮಾಡಿ ಕಿತ್ತೂರಿನ ಒಂದು ಮದುವೆಯ ಮೆರವಣಿಗೆಯಲ್ಲಿ, ಅಂದರೆ ವರಾತಿನಲ್ಲಿ, ಹಾಕಿಯೇ ಬಿಟ್ಟೆ. ವರನ ಗೆಳೆಯ ಓಡಿಬಂದ. "ಅಕ್ಕಾ, ಜನರೇಟರ್ ಕೆಟ್ಟೈತಿ ನೋಡ್ರಿ!" ಅಂದ.

ಕೆಟ್ಟ ಜನರೇಟರಿನ ಆ ಸಂಗೀತವನ್ನು ಅಂತರ್ಜಾಲದಲ್ಲಿ ಹಾಕಿದ್ದೆ. ಅದನ್ನು ಕೇಳಿ ಫಿನ್ಲೆಂಡಿನಿಂದ ಹೆಲ್ಮಿ ಎಂಬಾಕೆ ಬರೆದಳು. ಅವಳ ಊರು ಪೊರ್ವೂ. ಬೇಸಿಗೆಯಲ್ಲಿ ಹೊಳೆಯ ದಂಡೆಯ ಮೇಲೆ ಇಂಥ ಸಂಗೀತ ಕೇಳಿಸುತ್ತಾರೆ, ಅದನ್ನು ನಡೆಸುವವಳು ಅವಳೇ. ಬಂದುಹೋಗುವ ಖರ್ಚು ನಮ್ಮದು, ಒಂದು ತಾಸು ನಿಮ್ಮದು, ಜನ ಒಪ್ಪಿದರೆ ಮುಂದಿನ ವರ್ಷದಿಂದ ಕೆಲಸ ಕೊಡುತ್ತೇವೆ ಎಂದು ಬರೆದಿದ್ದಳು.

ಅಪ್ಪ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಕೈಯಲ್ಲಿದ್ದ ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹೋಗಿ ಬಾ ಯವ್ವಾ. ಇಷ್ಟ ವರ್ಷ ನಾ ಬ್ಯಾಡ ಅಂದಿಲ್ಲ. ಖರೆ ನೀನೂ ದಣದಿ, ನಾವೂ ನೋಡಿ ನೋಡಿ ದಣದ್ವಿ. ಅಲ್ಲಿ ಆತಂದ್ರ ಆತು. ಆಗಲಿಲ್ಲಂದ್ರ, ಬಂದ ಸೋಮವಾರ ಜಿನ್ನಿಂಗ್ ಆಫೀಸಿಗೆ ಹೋಗು. ಕಂಪ್ಯೂಟರ್ ಮುಂದ ಕುಂದ್ರು ಕೆಲಸ, ನೆಳ್ಳಾಗ. ಮಾಲಕರು ನಿನ್ನ ಸಲುವಾಗಿ ಕುರ್ಚಿ ಹಿಡದಿಟ್ಟಾರ."

ಆಗಲಿ ಅಂದೆ. ಸಿಟ್ಟಿನಿಂದ ಅಂದದ್ದಲ್ಲ, ನನಗೂ ನಿಜವಾಗಿ ಸಾಕಾಗಿತ್ತು. ಬೆನ್ನು ನೋಯುತ್ತಿತ್ತು. ಆ ಒಂದು ತಾಸು ಗೆದ್ದರೆ ಡಿಜೆ, ಸೋತರೆ ಜಿನ್ನಿಂಗ್ ಕುರ್ಚಿ.

ಪೊರ್ವೂ: ಬಕೆಟ್ಟು

ಪೊರ್ವೂ ಸಣ್ಣ ಊರು. ನಡುವೆ ಒಂದು ಹೊಳೆ, ದಂಡೆಗುಂಟ ಕೆಮ್ಮಣ್ಣು ಸಾರಿಸಿದ ಹಾಗೆ ಕೆಂಪಗಿರುವ ಮರದ ಹಳೆಯ ಗೋದಾಮುಗಳು, ದಿಬ್ಬದ ಮೇಲೆ ಚರ್ಚು, ಕಾಲಡಿ ಉರುಟುಕಲ್ಲಿನ ರಸ್ತೆ. ಆ ಕಲ್ಲುಗಳ ಮೇಲೆ ನನ್ನ ಗಾಲಿ ಸೂಟ್‌ಕೇಸು ಮಾಡಿದ ಗದ್ದಲಕ್ಕೆ ಇಡೀ ಓಣಿ ಕಿಟಕಿಯಿಂದ ಇಣುಕಿತು.

ಹೆಲ್ಮಿ ತನ್ನ ಮನೆಯಲ್ಲೇ ಇಳಿಸಿಕೊಂಡಳು. ಎತ್ತರದ ಹೆಂಗಸು, ನಗುವುದು ಕಡಿಮೆ. ನಾನು ಹರಕು ಇಂಗ್ಲಿಷಿನಲ್ಲಿ ಹತ್ತು ಮಾತಾಡಿದರೆ ಒಂದಕ್ಕೆ "ಹೂಂ" ಅನ್ನುತ್ತಿದ್ದಳು, ಅದೂ ಉಸಿರನ್ನು ಒಳಗೆ ಎಳೆದುಕೊಂಡು. ಮೊದಮೊದಲು ಪಾಪ ಈಕೆಗೆ ಉಬ್ಬಸವಿರಬೇಕು ಅಂದುಕೊಂಡಿದ್ದೆ; ಅಲ್ಲಿಯವರು ಹೌದು ಅನ್ನುವುದೇ ಹಾಗಂತೆ.

ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡು ಅಂದಾಗ ಜೀವಕ್ಕೆ ಸಮಾಧಾನವಾಯಿತು. ಊಟಕ್ಕೆ ಒಣಗಿಸಿದ ಒಂದು ರೊಟ್ಟಿ ಇಟ್ಟಳು, ರೈ ಎಂಬ ಧಾನ್ಯದ್ದು. ಮುರಿದರೆ ಕಟಕ್ ಅಂದಿತು. ಅವ್ವ ಕಟ್ಟಿಕೊಟ್ಟಿದ್ದ ಜೋಳದ ಕಡಕ್ ರೊಟ್ಟಿ ತೆಗೆದು ನಾನೂ ಪಕ್ಕದಲ್ಲಿಟ್ಟು ಮುರಿದೆ. ಅದೂ ಕಟಕ್ ಅಂದಿತು. ಶೇಂಗಾ ಚಟ್ನಿ ಹಚ್ಚಿಕೊಟ್ಟೆ. ಹೆಲ್ಮಿಯ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ತಿಂದಳು. ಆಮೇಲೆ ನಾನು ಅಲ್ಲಿರುವವರೆಗೂ ನನ್ನ ರೊಟ್ಟಿ ಅವಳು, ಅವಳ ರೊಟ್ಟಿ ನಾನು ತಿಂದೆವು.

ಸಂಜೆ ಸ್ನಾನಕ್ಕೆ ಕಳಿಸಿದಳು. ಹಿತ್ತಲಲ್ಲಿ ಕಟ್ಟಿಗೆಯ ಸಣ್ಣ ಕೋಣೆ. ಒಳಗೆ ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ, ಕೂರಲು ಹಲಗೆ, ಒಂದು ಬಕೆಟ್ಟು ನೀರು, ಒಂದು ಸೌಟು. ಸೆಕೆ ಹೇಗಿತ್ತು ಅಂದರೆ ಮೇ ತಿಂಗಳ ಸವದತ್ತಿ ನೆನಪಾಯಿತು. ಬಕೆಟ್ಟು ಮತ್ತು ಸೌಟು ಕಂಡ ಮೇಲೆ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಆರಾಮಾಗಿ ಕುಳಿತು, ಸೌಟಿನಿಂದ ಮೊಗೆದು ಮೊಗೆದು ತಲೆಯ ಮೇಲೆ ಹೊಯ್ದುಕೊಂಡು ಮುಗಿಸಿದೆ. ಸೋಪೂ ಹಚ್ಚಿಕೊಂಡೆ. ಆಹಾ, ಏನು ಸ್ನಾನ!

ಹೊರಗೆ ಬಂದಾಗ ಹೆಲ್ಮಿ ಖಾಲಿ ಬಕೆಟ್ಟು ನೋಡಿ, ಒಣಗಿದ ಕಲ್ಲು ನೋಡಿ, ನನ್ನ ಒದ್ದೆ ತಲೆ ನೋಡಿದಳು.

"ಆ ನೀರು ಕಲ್ಲಿಗೆ ಹಾಕುವುದು. ಆವಿ ಬರಲಿ ಎಂದು. ಸ್ನಾನ ಪಕ್ಕದ ಕೋಣೆಯಲ್ಲಿ" ಅಂದಳು.

"ಕಲ್ಲಿಗೆ ಸ್ನಾನ ಮಾಡಿಸುವುದು ನಮ್ಮ ಕಡೆ ಗುಡಿಯಲ್ಲಿ ಮಾತ್ರ" ಅಂದೆ. ಆಗ ಅವಳು ಮೊದಲ ಸಲ ನಕ್ಕಳು.

ಮಲಗುವ ಮುನ್ನ ನಾಳೆಯ ವಿಷಯ ತೆಗೆದಳು. ಇಲ್ಲಿ ಸಂಗೀತ ನಡುವೆ ನಿಲ್ಲಬಾರದು, ಒಂದು ತಾಸು ಒಂದೇ ಹರಿವು. ಮೈಕಿನಲ್ಲಿ ಮಾತಾಡುವುದು ಬೇಡ. ನಿಲ್ಲಿಸಿದರೆ ಡಿಜೆಗೆ ಕೆಲಸ ಬರುವುದಿಲ್ಲ ಎಂದು ಜನ ಎದ್ದುಹೋಗುತ್ತಾರೆ. ನಾನು ತಲೆಯಾಡಿಸಿದೆ, ಉಸಿರು ಒಳಗೆಳೆದು "ಹೂಂ" ಅಂದೆ.

ಪೊರ್ವೂ: ಹೊಳೆಯ ದಂಡೆ

ಮರುದಿನ ಮಧ್ಯಾಹ್ನ ನನ್ನ ಸರದಿ. ವೇದಿಕೆ ನೀರಿಗೆ ತಾಗಿದ ಹಾಗೆ, ಎದುರಿಗೆ ಹುಲ್ಲು, ಬಲಕ್ಕೆ ಹೊಳೆ ದಾಟುವ ಸೇತುವೆ. ಸ್ಪೀಕರುಗಳನ್ನು ಆಗಲೇ ಯಾರೋ ಹೊತ್ತು ತಂದು ಜೋಡಿಸಿಟ್ಟಿದ್ದರು! ನಾನು ಅಭ್ಯಾಸದಿಂದ ತೋಳು ಮಡಿಚಿ ಒಂದನ್ನು ಎತ್ತಲು ಹೋದರೆ ಗಾಬರಿಯಿಂದ ತಡೆದರು. ವೈರು ಮುಟ್ಟದೆ, ಡೀಸೆಲ್ ತರಲು ಕಳಿಸದೆ, ಸುಮ್ಮನೆ ನಡೆದು ಬಂದು ನಿಂತು ಬಾರಿಸುವುದು ನನ್ನ ಜೀವನದಲ್ಲಿ ಅದೇ ಮೊದಲು. ಮಹಾರಾಣಿಯ ಹಾಗೆ ನಿಂತೆ.

ಜಿನ್ನಿಂಗ್ ಯಂತ್ರದ ದಡಬಡದಿಂದ ಶುರು ಮಾಡಿದೆ. ಮೋಟಾರಿನ ಗುಂಯ್‌ ಸೇರಿಸಿದೆ. ಸ್ಪೀಕರುಗಳು ಎಷ್ಟು ಒಳ್ಳೆಯವು ಅಂದರೆ ಅಪ್ಪನ ಅಂಗಡಿಯೇ ಎದ್ದು ಬಂದು ಹೊಳೆಯ ದಂಡೆಯಲ್ಲಿ ಕುಳಿತಂತಿತ್ತು. ಹಿಗ್ಗಿನಿಂದ ತಲೆ ಎತ್ತಿ ಜನರನ್ನು ನೋಡಿದೆ.

ಜನ ಕೈಕಟ್ಟಿ ನಿಂತಿದ್ದರು.

ಒಬ್ಬರೂ ಸೀಟಿ ಹೊಡೆಯಲಿಲ್ಲ. ಒಬ್ಬರೂ ಕೂಗಲಿಲ್ಲ. ನಾಲ್ಕೈದು ಮಂದಿ ಕಣ್ಣು ಮುಚ್ಚಿ ಕತ್ತು ಆಡಿಸುತ್ತಿದ್ದರು, ನಿದ್ದೆಯೋ ಕುಣಿತವೋ ಗೊತ್ತಾಗಲಿಲ್ಲ. ನಮ್ಮ ಕಡೆ ಜನ ಹೀಗೆ ನಿಂತರೆ ಅದರ ಅರ್ಥ ಒಂದೇ, ಡಿಜೆಯನ್ನು ಹೊಡೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾರೆ ಎಂದು. ನವಿಲುತೀರ್ಥದ ನೀರನ್ನೂ ಬಿಟ್ಟೆ. ಊಹೂಂ. ಹೆಲ್ಮಿಯ ಮುಖ ನೋಡಿದೆ, ಅದರಲ್ಲಿ ಏನೂ ಬರೆದಿರಲಿಲ್ಲ. ಮುಗಿಯಿತು ಸುಜಾತಾ, ನಡಿ ಜಿನ್ನಿಂಗ್ ಆಫೀಸಿಗೆ ಅಂದುಕೊಂಡೆ.

ಸೇತುವೆ

ಅರ್ಧ ತಾಸು ಕಳೆದಿರಬೇಕು. ದಿಬ್ಬದ ಕಡೆಯಿಂದ ಹಳೆಯ ಕಾಲದ ಉದ್ದನೆಯ ಕಪ್ಪು ಕಾರೊಂದು ಸೇತುವೆಯ ಮೇಲೆ ಬಂತು. ಮೈತುಂಬ ಬಿಳಿ ಹೂವು. ನಡಿಗೆಯ ವೇಗ. ಹಿಂದೆ ಕಪ್ಪು ಸೂಟಿನ ಗಂಡಸರು, ಬೂದು ಬಣ್ಣದ ಬಟ್ಟೆಯ ಹೆಂಗಸರು, ತಲೆ ತಗ್ಗಿಸಿ ಕಲ್ಲು ನೋಡಿಕೊಂಡು ನಡೆಯುತ್ತಿದ್ದಾರೆ. ಮುಂದಿದ್ದ ಮುದುಕ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ. ಯಾರ ಬಾಯಲ್ಲೂ ಮಾತಿಲ್ಲ.

ನನ್ನ ಕೈ ತಾನಾಗಿ ಹೋಗಿ ಸಪ್ಪಳ ನಿಲ್ಲಿಸಿಬಿಟ್ಟಿತು.

ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೆರವಣಿಗೆಗೆ ಎದುರಾಗಿ ಹೆಣ ಬಂದರೆ ಡಿಜೆ ಬಂದ್ ಮಾಡಬೇಕು. ಸಾವಾದ ಮನೆಯ ಮುಂದೆ ಹಾಯುವಾಗಲೂ ಅಷ್ಟೇ. ಸವದತ್ತಿಯಲ್ಲೊಮ್ಮೆ ವರಾತಿಗೆ ಎದುರಾಗಿ ಹೀಗೆ ಬಂದಾಗ, ಕುಡಿದು ಕುಣಿಯುತ್ತಿದ್ದವರೂ ತಲೆಯ ಟಾವೆಲ್ಲು ತೆಗೆದು ಗೋಡೆಗೆ ಒತ್ತಿ ನಿಂತಿದ್ದರು. ಸತ್ತವರು ಯಾರೆಂದು ಯಾರೂ ಕೇಳುವುದಿಲ್ಲ. ದಾಟಿ ಹೋಗುವವರೆಗೆ ಸುಮ್ಮನಿರುತ್ತಾರೆ.

ಹಾಗೆಯೇ ನಾನೂ ಹೆಡ್‌ಫೋನು ತೆಗೆದು, ಕೈಮುಗಿದು ನಿಂತೆ. ಹೊಳೆಯ ಸಪ್ಪಳ ಕೇಳಿಸತೊಡಗಿತು. ಕೈಕಟ್ಟಿದ್ದ ಜನ ನನ್ನನ್ನು ನೋಡಿದರು, ಆಮೇಲೆ ನಾನು ನೋಡುತ್ತಿದ್ದ ಕಡೆ ತಿರುಗಿ ಸೇತುವೆಯನ್ನು ನೋಡಿದರು. ಅಷ್ಟು ಜನ ತಿರುಗಿ ನೋಡಿದ್ದಕ್ಕೆ ಕಾರೂ ನಿಂತಿತು. ಹೆಲ್ಮಿ ವೇದಿಕೆಯ ಮೇಲೆ ಓಡಿಬಂದಳು.

"ಏನಾಯಿತು? ಮಷೀನು ಕೆಟ್ಟಿತೇ?"

"ಇಲ್ಲ. ಯಾರು ತೀರಿಕೊಂಡರು?" ಪಿಸುಮಾತಿನಲ್ಲಿ ಕೇಳಿದೆ.

"ಎಲ್ಲಿ?"

"ಅಲ್ಲಿ, ಕಾರಿನಲ್ಲಿ."

ಹೆಲ್ಮಿ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. "ಸುಜಾತಾ, ಅದು ಮದುವೆ" ಅಂದಳು.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆದು, ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟ ಹುಡುಗಿಯೊಬ್ಬಳು ಕೆಳಗಿಳಿದು ಏನಾಯಿತು ಎಂದು ನೋಡತೊಡಗಿದಳು.

ಅಯ್ಯಯ್ಯೋ ನನ್ನವ್ವಾ! ಒಂದು ಪಟಾಕಿಯಿಲ್ಲ, ಬ್ಯಾಂಡಿಲ್ಲ, ಒಂದು ಪೀಪಿಯೂ ಇಲ್ಲ. ಸಪ್ಪಳವಿಲ್ಲದೆ ಹೂವಿನ ಗಾಡಿ ಹೊರಟರೆ ನಾಲ್ಕು ತಾಲೂಕಿನಲ್ಲಿ ಯಾರನ್ನೇ ಕೇಳಿ, ಹೆಣ ಅಂತಲೇ ಹೇಳುತ್ತಾರೆ. ಮದುಮಗಳ ಎದುರು ಶೋಕ ಆಚರಿಸಿಬಿಟ್ಟಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಿಲ್ಲಿಸಬಾರದು ಎಂದು ಹೆಲ್ಮಿ ಹೇಳಿದ್ದಳು, ನಿಲ್ಲಿಸಿದ್ದೆ. ನನ್ನ ತಾಸು ಅಲ್ಲಿಗೆ ಸತ್ತುಹೋಗಿತ್ತು.

ಆದರೆ ನಾನು ಮದುವೆ ಡಿಜೆ ಕಣ್ರೀ! ಹದಿನೆಂಟು ತುಂಬಿದಾಗಿನಿಂದ ನನ್ನ ಅನ್ನ ಅದೇ. ಎದುರಿಗೆ ಮದುಮಗಳು ಬಂದು ನಿಂತಿದ್ದಾಳೆ, ಕೈಯಡಿ ಮಷೀನಿದೆ, ನಾನು ಸುಮ್ಮನಿರುವುದೇ? ಹೋಗುವುದು ಹೇಗೂ ಹೋಗಿದೆ, ಈ ಹುಡುಗಿಯ ಮದುವೆಯಾದರೂ ಮದುವೆಯಾಗಲಿ ಅಂದುಕೊಂಡೆ. ಮೈಕು ಎಳೆದುಕೊಂಡೆ.

"ಏ, ದಾರಿ ಬಿಡ್ರಿ! ಸರೀರಿ ಆಕಡೆ! ಮದುಮಗಳು ಬರಾಕತ್ತಾಳ!"

ಅಚ್ಚ ಬೈಲಹೊಂಗಲದ ಕನ್ನಡ. ಆದರೂ ಕೈ ಬೀಸಿದ ರೀತಿಗೆ ಜನಕ್ಕೆ ತಿಳಿಯಿತು, ಹುಲ್ಲಿನ ನಡುವೆ ಸೇತುವೆಯ ಕಡೆಗೆ ದಾರಿ ಬಿಟ್ಟು ಸರಿದರು. ಬೆರಳಿಂದ ತಟ್ಟಿದರೆ ಸದ್ದು ಬರುವ ಪ್ಯಾಡಿನ ಮೇಲೆ ನಾನು ಬೆರಳಿಟ್ಟೆ. ಹಾಡು ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಬೆರಳು ತಾನೇ ಒಂದು ಪೆಟ್ಟು ಹಿಡಿಯಿತು.

ಅದು ಅಜ್ಜನ ಪೆಟ್ಟು. ನಮ್ಮಜ್ಜ ಚರ್ಮದ ಹಲಗಿ ಬಾರಿಸುತ್ತಿದ್ದ. ಊರವರ ಸಾವಿಗೆ ಒಂದು ಪೆಟ್ಟು, ಮದುವೆಗೆ ಒಂದು ಪೆಟ್ಟು. ಕರೆದರೆ ನಮ್ಮ ಕೇರಿಯವರು ಹೋಗಲೇಬೇಕು, ಇಲ್ಲ ಅನ್ನುವ ಹಾಗಿರಲಿಲ್ಲ. ಅಪ್ಪ ಬುದ್ಧನ ದಾರಿ ಹಿಡಿದ ದಿನವೇ ಹಲಗಿಯನ್ನು ಮನೆಯಿಂದ ಹೊರಹಾಕಿದರು. "ನಿನ್ನ ಹಾಡಿನ್ಯಾಗ ಏನರ ಹಾಕು, ಅದೊಂದ ಬ್ಯಾಡ" ಅಂದಿದ್ದರು, ನಾನೂ ಎಂದೂ ಮುಟ್ಟಿರಲಿಲ್ಲ. ಆದರೆ ಅಜ್ಜ ನನ್ನನ್ನು ಮಲಗಿಸುವಾಗ ಬೆನ್ನ ಮೇಲೆ ಬೆರಳಲ್ಲಿ ಬಾರಿಸುತ್ತಿದ್ದದ್ದು ಆ ಮದುವೆಯ ಪೆಟ್ಟನ್ನೇ.

ಸದ್ದು ಜಿನ್ನಿಂಗ್ ಯಂತ್ರದ್ದು, ಪೆಟ್ಟು ಅಜ್ಜನದು. ದೊಡ್ಡ ಸ್ಪೀಕರಿನಲ್ಲಿ ಅದು ಹೊಮ್ಮಿದಾಗ ನನ್ನ ಮೈಯೇ ಝುಂ ಅಂದಿತು. ಮದುಮಗಳು ಎರಡೂ ಕೈಯಲ್ಲಿ ಲಂಗ ಎತ್ತಿ ಹಿಡಿದು ಸೇತುವೆಯಿಂದ ಓಡಿಯೇ ಬಂದಳು. ಹಿಂದೆ ಮದುಮಗ, ಅವನ ಹಿಂದೆ ಕಪ್ಪು ಸೂಟುಗಳು, ಕಣ್ಣೊರೆಸಿಕೊಂಡಿದ್ದ ಆ ಮುದುಕನೂ. ಕೈಕಟ್ಟಿ ನಿಂತವರ ಕೈ ಬಿಚ್ಚಿತು. ಮುದುಕ ಕೋಟು ಕಳಚಿ ಗಾಳಿಯಲ್ಲಿ ತಿರುಗಿಸುತ್ತ ಕುಣಿದ. ರಾಮದುರ್ಗದ ಕಾಕಾಗಳು ಟಾವೆಲ್ಲು ತಿರುಗಿಸುವುದೂ ಹಾಗೆಯೇ. ಎಲ್ಲಿಂದಲೋ ಒಂದು ಸೀಟಿ ಬಂತು. ನೋಡಿದರೆ ಹೆಲ್ಮಿ!

ನಿಲ್ಲಿಸಲು ಯಾರೂ ಬಿಡಲಿಲ್ಲ. ನನ್ನ ತಾಸು ಮುಗಿಯಿತು, ನನ್ನ ನಂತರದ ಡಿಜೆ ತನ್ನ ಸರದಿ ಬಿಟ್ಟುಕೊಟ್ಟು ತಾನೂ ಕೆಳಗಿಳಿದು ಕುಣಿದ. ಗೆದ್ದೆ ಅಂತ ಬಾಯಿಬಿಟ್ಟು ಹೇಳುತ್ತೇನೆ, ನನಗೇನೂ ಸಂಕೋಚವಿಲ್ಲ. ಗೆದ್ದೆ. ಕಣ್ಣೀರೂ ಹಾಕಿದೆ, ಬಾರಿಸುತ್ತಲೇ.

ಕೆಳಗಿಳಿದಾಗ ಮದುಮಗಳು ಬೆವರು ಒರೆಸಿಕೊಳ್ಳುತ್ತ ಬಂದು, ಮೊದಲು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿನ್ನನ್ನು ಹೆಣ ಅಂತ ತಿಳಿದಿದ್ದೆ ತಂಗಿ" ಅಂದೆ. ಹೆಲ್ಮಿ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಬಿಳಿ ಲಂಗದ ಸಮೇತ ಆ ಹುಡುಗಿ ಹುಲ್ಲಿನ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಎದ್ದು ನನ್ನ ಕೈ ಹಿಡಿದು, ಊಟಕ್ಕೆ ಬರಲೇಬೇಕು ಎಂದು ಎಳೆದುಕೊಂಡೇ ಹೋದಳು.

ಹೊಳೆಯಾಚೆ: ಊಟ

ದಾರಿಯಲ್ಲಿ ಹೆಲ್ಮಿ ಕೆಲಸದ ಮಾತು ಮುಗಿಸಿದಳು. ಮುಂದಿನ ಬೇಸಿಗೆ ಪೂರ್ತಿ ಬಾ. ಇಲ್ಲಿ ಒಂದು ಕಡೆಯಲ್ಲ, ಊರಿಂದ ಊರಿಗೆ. ಕಡಲಾಚೆಯ ಟಾಲಿನ್‌ನವರೂ ಈಗಲೇ ಕೇಳಿದ್ದಾರೆ. ಚಳಿಗಾಲದಲ್ಲಿ ಮನೆಯಲ್ಲಿ ಕುಳಿತು ಹೊಸ ಸಂಗೀತ ಮಾಡು, ಅದಕ್ಕೂ ಕೊಡುತ್ತೇವೆ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಊಟದ ಮನೆಯಲ್ಲಿ ಉದ್ದನೆಯ ಮೇಜು. ನನ್ನನ್ನು ಕೂರಿಸಿ, ಮೀನಿನ ಸಾರು ಬಡಿಸಿ, ಏಲಕ್ಕಿ ಹಾಕಿದ ಬನ್ನು ಇಟ್ಟರು. ಏಲಕ್ಕಿಯ ವಾಸನೆಗೆ ಮನೆಯ ನೆನಪಾಗಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಹೆಲ್ಮಿ ತನ್ನ ಫೋನಿನಲ್ಲಿ ಚಿತ್ರೀಕರಿಸಿದ್ದನ್ನು ಆಗಲೇ ಕಳಿಸಿದ್ದೆ. ಅಪ್ಪ ಅಂಗಡಿಯಲ್ಲಿದ್ದರು.

"ಕೆಲಸ ಸಿಕ್ಕತಪ್ಪಾ. ಬರೂ ಬ್ಯಾಸಿಗಿ ಪೂರಾ" ಅಂದೆ.

"ಸಿಕ್ಕತ?" ಅಪ್ಪ ಇಷ್ಟಗಲ ನಕ್ಕರು. "ಜಿನ್ನಿಂಗ್ ಮಾಲಕರಿಗೆ ನಾನ ಹೋಗಿ ಹೇಳತೇನಿ ಹಂಗಾರ. ಬ್ಯಾರೇದವರನ್ನ ನೋಡ್ಕೊಳ್ರಿ ಅಂತ."

ಆಮೇಲೆ ನಗು ನಿಂತಿತು.

"ವಿಡಿಯೋ ನೋಡಿದ್ನಿ. ಅದು ನಮ್ಮಪ್ಪಂದು, ಹೌದಿಲ್ಲೊ?"

"ಹೌದಪ್ಪಾ."

"ಹೊಡಿ ಅಂತ ಯಾರರ ಹೇಳಿದ್ರೇನು?"

"ಯಾರೂ ಹೇಳಲಿಲ್ಲ. ನನಗ ಹೊಡೀಬೇಕ ಅನಿಸ್ತು, ಹೊಡದ್ನಿ."

ಅಪ್ಪ ತಲೆ ತಗ್ಗಿಸಿ ಮೇಜಿನ ಮೇಲಿನ ತಂತಿಯನ್ನು ಸರಿಸುತ್ತ ಕುಳಿತರು. ಮದುವೆಗಳಲ್ಲಿ ಬಾರಿಸಿ ದಣಿದ ಮೇಲೆ ಅಜ್ಜ ಹಂದರದ ಹೊರಗೆ ಕಾಯುತ್ತಿದ್ದನಂತೆ. ಎಲ್ಲರ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಅವನ ಟಾವೆಲ್ಲಿಗೆ ಹಾಕುತ್ತಿದ್ದರಂತೆ. ಅಪ್ಪ ಚಿಕ್ಕವರಿದ್ದಾಗ ಪಕ್ಕದಲ್ಲಿ ನಿಂತು ಕಂಡದ್ದು. ಈ ಮಾತನ್ನು ಅವರು ನಮಗೆ ಒಂದೇ ಸಲ ಹೇಳಿದ್ದಾರೆ.

"ಊಟಕ್ಕ ಎಲ್ಲಿ ಕುಂದ್ರಿಸ್ಯಾರವಾ ನಿನ್ನ?" ಎಂದು ಕೇಳಿದರು.

ಫೋನು ತಿರುಗಿಸಿ ತೋರಿಸಿದೆ. ಎಡಗಡೆ ಮದುಮಗಳು, ಬಲಗಡೆ ಕೋಟು ತಿರುಗಿಸಿ ಕುಣಿದ ಅವಳ ಅಜ್ಜ, ನಡುವೆ ನನ್ನ ತಾಟು. ಹುಡುಗಿ ಅಪ್ಪನಿಗೆ ಕೈಬೀಸಿದಳು.

ಅಪ್ಪ ತಂತಿಯನ್ನು ಬದಿಗಿಟ್ಟು ನೋಡಿದರು.

"ಉಣ್ಣು ಯವ್ವಾ" ಅಂದರು. "ಹೊಟ್ಟಿ ತುಂಬ ಉಣ್ಣು."